ಸ್ಕೆಲ್ಬಿಯಿಂದ ಬಂದ ಸುದ್ದಿ

ನನ್ನ ಮುಖದಲ್ಲಿ ಏನೂ ಮುಚ್ಚಿಡಲಿಕ್ಕೆ ಆಗುವುದಿಲ್ಲ. ಹಾರ್ಕ್‌ಡೇಲ್ ಊರಿಗೆಲ್ಲ ಗೊತ್ತಿದ್ದ ವಿಷಯ ಇದು. ಇಪ್ಪತ್ತೆರಡು ವರ್ಷ ನಮ್ಮ ಫುಟ್‌ಬಾಲ್ ಮೈದಾನದ ಮೈಕಿನ ಹಿಂದೆ ಕೂತವಳು ನಾನು. ಗೋಲು ಹೊಡೆದವನ ಹೆಸರು, ಗೇಟಿಗೆ ಅಡ್ಡ ನಿಲ್ಲಿಸಿದ ಕಾರಿನ ನಂಬರು, ಎಲ್ಲ ನನ್ನ ಬಾಯಿಂದಲೇ ಬರಬೇಕು. ಗ್ಯಾಲರಿಯ ನಟ್ಟನಡುವೆ ಗಾಜಿನ ಗೂಡು, ಒಳಗೊಂದು ಮೈಕು, ಒಂದು ಟೆಲಿಫೋನು, ಚಹಾ ಕಾಸಲು ಒಂದು ಕೆಟಲ್. ಆಗಿನ್ನೂ ಜನರ ಜೇಬಿಗೆ ಫೋನು ಬಂದಿರಲಿಲ್ಲ. ನಾಲ್ಕನೇ ಡಿವಿಷನ್ನಿನ ನಮ್ಮಂಥ ಬಡಪಾಯಿಗಳ ಸುದ್ದಿ ಹೇಳಲು ರೇಡಿಯೋದವರಿಗೆ ಪುರಸೊತ್ತಿರುತ್ತಿರಲಿಲ್ಲ. ಬೇರೆ ಊರಿನ ಆಟದಲ್ಲಿ ಏನಾಯಿತೆಂದು ತಿಳಿಯಬೇಕಾದರೆ ನನ್ನ ಟೆಲಿಫೋನೇ ಗತಿ.

ಆದರೆ ಅದನ್ನು ಆಟದ ನಡುವೆ ನಾನು ಹೇಳುವಂತಿಲ್ಲ. ಒಮ್ಮೆ ಹೀಗೆಯೇ ಬೇರೆ ಮೈದಾನದ ಸುದ್ದಿ ಕೇಳಿ ಜನ ಬೇಲಿ ಹಾರಿ ಒಳಗೆ ನುಗ್ಗಿ, ಒಬ್ಬನ ಕಾಲು ಮುರಿದಿತ್ತು. ಅವತ್ತಿನಿಂದ ಕಟ್ಟುನಿಟ್ಟು. ಕೊನೆಯ ಸೀಟಿ ಬೀಳುವ ತನಕ ಬೇರೆ ಆಟದ ಬಗ್ಗೆ ತುಟಿ ಬಿಚ್ಚಬಾರದು. ನನ್ನನ್ನು ಕಾಯಲಿಕ್ಕೆ ಕ್ಲಬ್ಬಿನ ಕಾರ್ಯದರ್ಶಿ ಎಂಟ್ವಿಸಲ್ ಅವರೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬಾಯಿಗೆ ಬೀಗ ಹಾಕಬಹುದು, ಮುಖಕ್ಕೆ ಹೇಗೆ ಹಾಕುತ್ತೀರಿ? ಗೂಡಿನ ಮುಂದಿನ ಸಾಲಿನಲ್ಲಿ ಪೋಸ್ಟ್‌ಮ್ಯಾನ್ ವಿಲ್ಫ್ ಅಂತ ಒಬ್ಬ ಮಹಾರಾಯ. ಐದು ನಿಮಿಷಕ್ಕೊಮ್ಮೆ ಹಿಂದಕ್ಕೆ ತಿರುಗಿ ನನ್ನನ್ನು ನೋಡಿ, ಗ್ಯಾಲರಿಗೆಲ್ಲ ವರದಿ ಒಪ್ಪಿಸುತ್ತಿದ್ದ.

"ನೋರೀನಕ್ಕನ ಮುಖ ಹುಳಿಹುಳಿ ಕಣ್ರಪ್ಪೋ! ಸ್ಕೆಲ್ಬಿಯೋರು ಗೋಲ್ ಹೊಡೆದ್ರು ಅಂತ ಕಾಣುತ್ತೆ!"

ನೂರಕ್ಕೆ ತೊಂಬತ್ತು ಸಲ ಅವನು ಹೇಳಿದ್ದು ಸರಿಯಾಗಿರುತ್ತಿತ್ತು. ಹಾಳಾದವನು.

ಆ ವರ್ಷ ನಮಗೂ ಸ್ಕೆಲ್ಬಿ ಊರಿನ ತಂಡಕ್ಕೂ ಜೀವನ್ಮರಣದ ಪ್ರಶ್ನೆ. ಕಟ್ಟಕಡೆಗೆ ನಿಂತ ತಂಡ ಲೀಗಿನಿಂದಲೇ ಹೊರಗೆ. ಎಪ್ಪತ್ತು ವರ್ಷ ಇದ್ದ ಜಾಗ ನಮ್ಮದು. ಕ್ರಿಸ್‌ಮಸ್‌ಗೆ ಮುಂಚೆ ಒಂದರ ಹಿಂದೊಂದು ಒಂಬತ್ತು ಆಟ ಸೋತೆವು. ಮ್ಯಾನೇಜರನನ್ನು ಓಡಿಸಿ ಇನ್ನೊಬ್ಬನನ್ನು ತಂದರು. ಅವನು ಹುಡುಗರನ್ನು ಮಂಜಿನಲ್ಲಿ ಗುಡ್ಡ ಹತ್ತಿಸಿ ಇಳಿಸಿದ. ಫೆಬ್ರವರಿಯಲ್ಲಿ ಗೋಲ್‌ಕೀಪರನ ಬೆರಳು ಮುರಿಯಿತು. ಈಸ್ಟರ್‌ನಲ್ಲಿ ಹೇಗೋ ಎರಡು ಗೆದ್ದೆವು. ಒಂದು ವಾರ ನಾವು ತಳದಲ್ಲಿ, ಮರುವಾರ ಸ್ಕೆಲ್ಬಿ ತಳದಲ್ಲಿ. ನಾವು ಸೋತರೆ ಸೋಮವಾರ ಮಾಂಸದಂಗಡಿಯವನು ನನ್ನ ಮುಖ ನೋಡದೆ ಕೈಮಾ ಕಟ್ಟಿಕೊಡುತ್ತಿದ್ದ. ಯಾಕೆ ಗೊತ್ತೇ? ತಂಡದ ಕ್ಯಾಪ್ಟನ್ ನನ್ನ ಮಗ, ರಸೆಲ್.

ಹದಿನೈದು ವರ್ಷ ಅವನು ಹಾರ್ಕ್‌ಡೇಲ್ ಬಿಟ್ಟು ಕದಲಿರಲಿಲ್ಲ. ದೊಡ್ಡ ಕ್ಲಬ್ಬಿನವರು ಎರಡು ಸಲ ಕರೆದರೂ ಹೋಗಲಿಲ್ಲ, ಪೆದ್ದ. ಈಗ ಮಂಡಿ ಕೈಕೊಟ್ಟಿತ್ತು, ಅದೇ ಅವನ ಕಡೆಯ ವರ್ಷ. ಭಾನುವಾರ ನನ್ನ ಅಡುಗೆಮನೆಯಲ್ಲಿ ಕೂತು ಹುರಿದ ಮಾಂಸವನ್ನು ತಟ್ಟೆಯ ತುಂಬ ಆಚೀಚೆ ದೂಡುತ್ತಿದ್ದ.

"ನನ್ನ ತೋಳಲ್ಲಿ ಕ್ಯಾಪ್ಟನ್ ಪಟ್ಟಿ ಇರೋವಾಗ ನಾವು ಬೀಳಬಾರದಮ್ಮ. ಸಾಯೋ ತನಕ ಜನ ಅದನ್ನೇ ಹೇಳ್ತಾರೆ," ಎನ್ನುತ್ತಿದ್ದ.

"ಮೊದ್ಲು ಊಟ ಮಾಡೋ," ಎಂದು ನಾನು ಗದರುತ್ತಿದ್ದೆ.

ಕೊನೆಯ ಶನಿವಾರ ಬಂತು. ಸ್ಕೆಲ್ಬಿಯವರು ನಮಗಿಂತ ಒಂದೇ ಒಂದು ಪಾಯಿಂಟು ಮುಂದೆ, ಆದರೆ ಹೊಡೆದ ಗೋಲು ನಮ್ಮದು ಹೆಚ್ಚು; ಪಾಯಿಂಟು ಸಮವಾದರೆ ಅದೇ ಲೆಕ್ಕಕ್ಕೆ. ಅಂದರೆ ಅಲ್ಲಿ ಅವರು ಸೋತರೆ ಇಲ್ಲಿ ನಮಗೆ ಡ್ರಾ ಸಾಕು. ಅವರು ಡ್ರಾ ಮಾಡಿಕೊಂಡರೆ ನಾವು ಗೆಲ್ಲಲೇಬೇಕು. ಎರಡೂ ಆಟ ಒಂದೇ ಹೊತ್ತಿಗೆ, ಅರವತ್ತು ಮೈಲಿ ಅಂತರದಲ್ಲಿ.

ಸ್ಕೆಲ್ಬಿಯ ಮೈಕಿನ ಹಿಂದೆ ಕೂರುವವಳು ಬೆರಿಲ್. ಮುಖ ನೋಡಿದ್ದು ಎರಡೇ ಸಲ, ಮಾತಾಡಿದ್ದು ಹದಿನೆಂಟು ವರ್ಷ. ಪ್ರತಿ ಶನಿವಾರ ಮಧ್ಯಂತರದಲ್ಲಿ ಫೋನು ಮಾಡಿ ಅವರ ಸ್ಕೋರು ಅವಳು, ನಮ್ಮದು ನಾನು ಹೇಳಿಕೊಳ್ಳುವುದು ರೂಢಿ. ಅವತ್ತು ಎರಡನೇ ಅರ್ಧ ಪೂರ್ತಿ ರಿಸೀವರ್ ಇಡುವುದೇ ಬೇಡ ಎಂದು ಮಾತಾಡಿಕೊಂಡಿದ್ದೆವು.

"ನಿಮ್ಮೋರು ಸೋಲ್ಲಿ ಅಂತ ಬೆಳಿಗ್ಗೆ ಚರ್ಚಿಗೆ ಹೋಗಿದ್ದೆ ಕಣೇ," ಎಂದಳು ಬೆರಿಲ್.

"ನಾನೂ ಹೋಗಿದ್ದೆ. ಯಾರ ಮೊರೆ ಕೇಳ್ತಾನೋ ನೋಡೋಣ," ಎಂದೆ.

ಎಂಬತ್ತನೇ ನಿಮಿಷ. ಇಲ್ಲಿ ಒಂದು ಒಂದು, ಅಲ್ಲಿ ಸೊನ್ನೆ ಸೊನ್ನೆ. ಹೀಗೇ ಮುಗಿದರೆ ನಾವು ಹೊರಗೆ. ಹುಡುಗರು ಪ್ರಾಣ ಒತ್ತೆಯಿಟ್ಟು ಆಡುತ್ತಿದ್ದರು. ರಸೆಲ್ ಕುಂಟುತ್ತಿದ್ದ. ನಾನು ಮುಖ ಕಲ್ಲು ಮಾಡಿಕೊಂಡು ಕೂತಿದ್ದೆ. ಬೆಳಿಗ್ಗೆಯೇ ಎಂಟ್ವಿಸಲ್ ಹೇಳಿದ್ದರು, "ಏನೇ ಆದ್ರೂ ಮುಖ ಅಲ್ಲಾಡಬಾರದು ನೋರೀನ್. ಇವತ್ತು ಜನ ಆಟ ನೋಡಲ್ಲ, ನಿಮ್ಮನ್ನ ನೋಡ್ತಾರೆ." ವಿಲ್ಫ್ ನಿಮಿಷಕ್ಕೊಮ್ಮೆ ತಿರುಗುತ್ತಿದ್ದ.

ಎಂಬತ್ತೆರಡು. ರಿಸೀವರಿನಲ್ಲಿ ದೊಡ್ಡ ಗದ್ದಲ, ನಡುವೆ ಬೆರಿಲ್ ಕಿರುಚಿದಳು. "ಅಯ್ಯೋ ದೇವ್ರೇ! ಬಿತ್ತು ಕಣೇ ನೋರೀನ್, ನಮಗೆ ಗೋಲು ಬಿತ್ತು!"

ನಾನು ಎದ್ದು ನಿಂತೆ. ಎದ್ದದ್ದೂ ಗೊತ್ತಾಗಲಿಲ್ಲ, ಕೈ ಎರಡೂ ಮೇಲಕ್ಕೆ ಹೋದದ್ದೂ ಗೊತ್ತಾಗಲಿಲ್ಲ. ಬಾಯಿ ಕಿವಿಯವರೆಗೆ ಹರಡಿತ್ತಂತೆ, ಆಮೇಲೆ ಹೇಳಿದರು. ವಿಲ್ಫ್ ಅದೇ ಹೊತ್ತಿಗೆ ತಿರುಗಿದ್ದ. ಒಂದು ಕ್ಷಣ ನನ್ನನ್ನೇ ನೋಡಿ, ಟೋಪಿ ತೆಗೆದು ಗಾಳಿಗೆ ಎಸೆದ. ಆಮೇಲೆ ಎದ್ದ ಆ ಕೂಗು! ನಮ್ಮ ಗ್ಯಾಲರಿಯಿಂದ ಎದುರಿನದಕ್ಕೆ, ಅಲ್ಲಿಂದ ಗೋಲಿನ ಹಿಂದಕ್ಕೆ, ನಾಲ್ಕು ಸಾವಿರ ಜನ. ಮುದುಕರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮ್ಯಾನೇಜರ್ ಗೆರೆಯ ತನಕ ಓಡಿ ಬಂದು, ಎರಡು ಅಂಗೈ ಕೆಳಗೆ ಮಾಡಿ ಒತ್ತಿ ತೋರಿಸಿದ. ಸಾಕು, ಹಿಡಿದಿಡಿ ಎಂದು.

"ಇರೇ, ಇರು ಇರು," ಎಂದಳು ಬೆರಿಲ್ ಕಿವಿಯಲ್ಲಿ. "ಲೈನ್ಸ್‌ಮನ್ ಬಾವುಟ ಎತ್ತಿದಾನೆ. ರೆಫರಿ ಅವನ ಹತ್ರ ಹೋಗ್ತಿದಾನೆ... ಇಲ್ಲ! ಗೋಲು ಇಲ್ಲ! ಇನ್ನೂ ಸೊನ್ನೆ ಸೊನ್ನೆನೇ! ಬದುಕಿದ್ವಿ ಕಣೇ!"

ಕೂತೆ, ಮತ್ತೆ ಎದ್ದೆ. ಗಾಜಿಗೆ ಮುಖ ಒತ್ತಿ ಇಲ್ಲ, ಇಲ್ಲ ಎಂದು ತಲೆಯಾಡಿಸಿದೆ, ಕೈಯಾಡಿಸಿದೆ. ಕಣ್ಣಲ್ಲಿ ನೀರು ಬಂದಿತ್ತು. ವಿಲ್ಫ್ ಅದನ್ನು ನೋಡಿ ತಾನೂ ಕಣ್ಣೊರೆಸಿಕೊಂಡು ನನಗೊಂದು ಮುತ್ತು ಎಸೆದ. ನಾನು ಆನಂದಕ್ಕೆ ಅಳುತ್ತಿದ್ದೇನೆ ಎಂದುಕೊಂಡ, ಅವನ ತಲೆ!

ಕೆಳಗೆ ರಸೆಲ್ ಚೆಂಡನ್ನು ಮೂಲೆಗೆ ಒಯ್ದು, ಎದುರಾಳಿಗೆ ಬೆನ್ನು ಕೊಟ್ಟು ನಿಂತಿದ್ದ. ಹೊತ್ತು ಕಳೆಯುವ ಆಟ. ಗೆಲ್ಲಲೇಬೇಕಾದ ಆಟದಲ್ಲಿ ನನ್ನ ಮಗ, ನನ್ನ ಮುಖ ನಂಬಿಕೊಂಡು, ಹೊತ್ತು ಕಳೆಯುತ್ತಿದ್ದ. ಜನ ಹಾಡುತ್ತಿದ್ದರು. ಮೈಕಿನ ಗುಂಡಿಯ ಮೇಲೆ ಕೈಯಿಟ್ಟೆ. ಎಂಟ್ವಿಸಲ್ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಹೇಳೋ ಹಾಗಿಲ್ಲ ನೋರೀನ್. ಈಗ ಹೇಳಿದ್ರೆ ಜನ ದಂಗೆ ಏಳ್ತಾರೆ."

"ಅವರು ಸುಳ್ಳು ನಂಬ್ಕೊಂಡು ಆಡ್ತಿದಾರೆ ರೀ! ಆ ಸುಳ್ಳು ಹುಟ್ಟಿಸಿದ್ದು ನಾನು!"

"ಇನ್ನೂ ಆರು ನಿಮಿಷ ಇದೆ. ಸ್ಕೆಲ್ಬಿಗೆ ಯಾವಾಗ ಬೇಕಾದ್ರೂ ಗೋಲು ಬೀಳಬಹುದು. ಹುಡುಗರು ಡ್ರಾನಾದ್ರೂ ಹಿಡ್ಕೊಂಡಿರ್ಲಿ. ಸುಮ್ನಿರಿ."

"ಅಲ್ಲಿ ಯಾರೋ ಬೀಳ್ತಾರೆ ಅಂತ ಇಲ್ಲಿ ಕೈಕಟ್ಕೊಂಡು ಕಾಯೋದಾ? ಅದಕ್ಕಾ ನನ್ನ ಮಗ ಮಂಡಿ ಸವೆಸಿದ್ದು? ಕೈ ಬಿಡಿ!"

ಕೈ ಬಿಡಿಸಿಕೊಂಡು ಗುಂಡಿ ಒತ್ತಿದೆ.

"ನಾನು ನೋರೀನ್. ಸ್ಕೆಲ್ಬಿಯಲ್ಲಿ ಗೋಲು ಆಗಿಲ್ಲ. ರೆಫರಿ ಒಪ್ಪಲಿಲ್ಲ. ಅಲ್ಲಿ ಇನ್ನೂ ಸೊನ್ನೆ ಸೊನ್ನೆ. ತಪ್ಪು ನನ್ನದು." ಮೈದಾನದ ಹಾಡು ನಡುವಿನಲ್ಲೇ ನಿಂತುಹೋಯಿತು. ಅಷ್ಟಕ್ಕೇ ಬಿಡಬೇಕಿತ್ತು, ಬಿಡಲಿಕ್ಕಾಗಲಿಲ್ಲ. "ರಸೆಲ್, ಮೂಲೆ ಬಿಟ್ಟು ಬಾರೋ! ಗೋಲು ಬೇಕು ನಮಗೆ!"

ಅವನು ತಲೆಯೆತ್ತಿ ನೋಡಿದ. ಆಮೇಲೆ ಎಲ್ಲರಿಗೂ ಕೈ ಬೀಸಿ, ಮೇಲೆ, ಮೇಲೆ ಎಂದು ಕೂಗಿದ. ಗೋಲ್‌ಕೀಪರನೊಬ್ಬನನ್ನು ಬಿಟ್ಟು ಇಡೀ ತಂಡ ಎದುರಾಳಿಯ ಗೋಲನ್ನು ಮುತ್ತಿತು. ಎಂಬತ್ತೆಂಟು. ಎಂಬತ್ತೊಂಬತ್ತು. ಜನ ದಂಗೆಯೇಳಲಿಲ್ಲ, ಉಸಿರಾಡುವುದನ್ನೇ ಮರೆತು ನಿಂತಿದ್ದರು. ತೊಂಬತ್ತನೇ ನಿಮಿಷಕ್ಕೆ ಬಲಗಡೆಯಿಂದ ಚೆಂಡು ಎತ್ತರಕ್ಕೆ ಬಂತು. ಆ ಕೆಟ್ಟ ಮಂಡಿಯಲ್ಲಿ ರಸೆಲ್ ಎಲ್ಲರಿಗಿಂತ ಮೇಲೆ ಜಿಗಿದು ತಲೆ ಕೊಟ್ಟ. ಗೋಲೇ ಎಂದುಕೊಂಡೆ. ಚೆಂಡು ಗೋಲಿನ ಮೇಲಿನ ಅಡ್ಡಪಟ್ಟಿಗೆ ಬಡಿದು ವಾಪಸು ಬಂತು. ಅವರ ಕಡೆಯವನೊಬ್ಬ ಕಣ್ಣುಮುಚ್ಚಿ ದೂರಕ್ಕೆ ಒದ್ದ. ನಮ್ಮ ಅರ್ಧದಲ್ಲಿ ಕಾಯಲಿಕ್ಕೆ ಗೋಲ್‌ಕೀಪರನ ಹೊರತು ಒಂದು ನರಪಿಳ್ಳೆಯೂ ಇರಲಿಲ್ಲ. ಅವರ ಹನ್ನೊಂದನೇ ನಂಬರಿನವನು ಅವನನ್ನೂ ದಾಟಿ, ಪಾಪ, ನಾಚಿಕೊಂಡವನ ಹಾಗೆ ಚೆಂಡನ್ನು ಮೆಲ್ಲಗೆ ಒಳಗೆ ದೂಡಿದ. ನಮಗೆ ಒಂದು, ಅವರಿಗೆ ಎರಡು. ಸೀಟಿ ಬಿತ್ತು.

ಸ್ಕೆಲ್ಬಿಯ ಆಟ ಎರಡು ನಿಮಿಷ ತಡವಾಗಿ ಮುಗಿಯಿತು. ರಿಸೀವರ್ ಕಿವಿಗಿಟ್ಟುಕೊಂಡೇ ಇದ್ದೆ. ಬೆರಿಲ್ ಮತ್ತೆ ಬಂದಾಗ ಬಿಕ್ಕುತ್ತಿದ್ದಳು.

"ಕೊನೇ ಗಳಿಗೇಲಿ ಕಣೇ. ಕೊನೇ ಒದೆತ ಅದು. ಸೊನ್ನೆ ಒಂದು. ಸೋತ್ವಿ. ನಿಮ್ದು ಒಂದು ಒಂದೇ ಅಲ್ವಾ? ನೀವು ಉಳ್ಕೊಂಡ್ರಿ. ಒಳ್ಳೇದಾಗ್ಲಿ ನಿಮ್ಗೆ."

ಅಲ್ಲಿ ಹದಿನೆಂಟು ವರ್ಷದ ಗೆಳತಿ ಅಳುತ್ತಿದ್ದಾಳೆ, ಅವಳಿಗೆ ಹೇಳಬೇಕಾದವಳು ನಾನೇ.

"ಇಲ್ಲ ಬೆರಿಲ್. ನಮಗೂ ಬಿತ್ತು. ಒಂದು ಎರಡು. ಉಳ್ಕೊಂಡಿದ್ದು ನೀವು."

ಅವಳು ಆ ಕಡೆ ಯಾರಿಗೋ ಕೂಗಿ ಹೇಳಿದಳು, ರಿಸೀವರಿನ ತುಂಬ ಜನರ ಆರ್ಭಟ. ನಾನು ಫೋನಿಟ್ಟೆ.

ಎಂಟ್ವಿಸಲ್ ಎಲ್ಲ ಕೇಳಿಸಿಕೊಂಡಿದ್ದರು. ಆದರೂ ಬೈಯಲಿಲ್ಲ. ಮೈಕಿನ ಮೇಲೆ ತಮ್ಮ ಕೈಯಿಟ್ಟು ಮುಚ್ಚಿದರು.

"ಸ್ಕೆಲ್ಬಿದು ಓದ್ಬೇಡಿ ನೋರೀನ್. ಜನ ಮನೆಗೆ ಹೋಗ್ಲಿ. ನಾಳೆ ಪೇಪರಲ್ಲಿ ನೋಡ್ಕೊಳ್ತಾರೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಆಟ ಮುಗಿದ ಮೇಲೆ ಡಿವಿಷನ್ನಿನ ಎಲ್ಲ ಫಲಿತಾಂಶ ಓದುವುದು ನನ್ನ ಕೆಲಸ. ಅವತ್ತು ಒಬ್ಬರೂ ಗೇಟಿನ ಕಡೆ ಹೋಗಿರಲಿಲ್ಲ. ಎಲ್ಲರೂ ಗೂಡಿನ ಕಡೆಗೆ ತಿರುಗಿ ನಿಂತಿದ್ದರು. ರಸೆಲ್ ಕೆಸರಿನಲ್ಲಿ, ನಡುವಿನ ವೃತ್ತದಲ್ಲಿ, ಸೊಂಟಕ್ಕೆ ಕೈಕೊಟ್ಟು ನನ್ನನ್ನೇ ನೋಡುತ್ತಿದ್ದ. ಸ್ಕೆಲ್ಬಿ ಸೋಲಲಿಲ್ಲ, ಡ್ರಾ ಹಿಡಿದಿದ್ದರೂ ನಾವು ಉಳಿಯುತ್ತಿರಲಿಲ್ಲ ಎಂದೇ ಅಂದುಕೊಂಡು ಅವನು ನಿದ್ದೆ ಮಾಡಬಹುದಿತ್ತು, ಒಂದೇ ಒಂದು ರಾತ್ರಿಯಾದರೂ. ಆ ಆಸೆ ನನಗೆ ಬರಲಿಲ್ಲ ಅಂದರೆ ಸುಳ್ಳಾದೀತು.

ಎಂಟ್ವಿಸಲ್ಲರ ಕೈ ಸರಿಸಿ ಓದತೊಡಗಿದೆ. ಒಂದೊಂದೇ ಊರು, ಒಂದೊಂದೇ ಅಂಕಿ. ಸ್ಕೆಲ್ಬಿ ಬಂತು. "ಸ್ಕೆಲ್ಬಿ ಸೊನ್ನೆ," ಎಂದು ಅದರ ಎದುರಾಳಿಯ ಹೆಸರು ಹೇಳಿ, "ಒಂದು," ಎಂದೆ. ನಾಲ್ಕು ಸಾವಿರ ಜನ ಮನಸ್ಸಿನಲ್ಲೇ ಲೆಕ್ಕ ಹಾಕುವುದನ್ನು ನೋಡಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವಿಲ್ಫ್ ತಲೆ ತಗ್ಗಿಸಿಕೊಂಡು ಟೋಪಿ ಹುಡುಕಲು ಹೋದ. ರಸೆಲ್ ಇದ್ದಲ್ಲೇ ಕುಸಿದು ಕೂತ.

ಮೈದಾನ ಖಾಲಿಯಾದ ಮೇಲೆ ಅವನು ಬೂಟು ಸಮೇತ ಮೆಟ್ಟಿಲು ಹತ್ತಿ ಗೂಡಿಗೆ ಬಂದ. ಎಂಟ್ವಿಸಲ್ ಎದ್ದು ಹೊರಗೆ ಹೋದರು. ರಸೆಲ್ ಅವರ ಕುರ್ಚಿಯಲ್ಲಿ ಕೂತು ತೋಳಿನ ಪಟ್ಟಿ ಬಿಚ್ಚಿದ.

"ಸುಮ್ನೆ ಇರೋಕಾಗ್ಲಿಲ್ವಾಮ್ಮ ನಿಂಗೆ?"

"ನಾನು ನಿಂಗೆ ಸುಳ್ಳು ಹೇಳಿದ್ದೆ ಕಣೋ. ಬೇಕೂಂತ ಅಲ್ಲ, ಆದ್ರೂ ಹೇಳಿದ್ದೆ. ಅದನ್ನ ಹಾಗೇ ಬಿಟ್ಟು ಕೂರೋದು ನನ್ನಿಂದ ಆಗ್ಲಿಲ್ಲ."

"ಇನ್ನು ಎಂಟು ನಿಮಿಷ ಬಿಟ್ಟಿದ್ರೆ ಅದೇ ನಿಜ ಆಗ್ತಿತ್ತು."

ಹೌದು ಎಂದೆ. ಕೈ ಚಾಚಿದರೆ ಕೊಡವಿಯಾನು ಎಂದು ಹೆದರಿಕೆಯಾಯಿತು, ಹೆತ್ತ ಮಗನಿಗೇ ಹೆದರಿದೆ. ನನ್ನ ಕುರ್ಚಿಯನ್ನು ಎಳೆದುಕೊಂಡು ಅವನ ಪಕ್ಕಕ್ಕೆ ಹಾಕಿ ಕೂತೆ. ಅವನು ಎದ್ದು ಹೋಗಲಿಲ್ಲ.