ಸಕ್ಕರೆ ಡಬ್ಬಿಯ ಮುಚ್ಚಳ

ಸತ್ತ ಪ್ರಾಣಿಗಳ ತೊಗಲಿಗೆ ಹುಲ್ಲು ತುಂಬಿ, ಬದುಕಿದ್ದ ಹಾಗೇ ನಿಲ್ಲಿಸುವುದು ಮ್ಯೂಸಿಯಮ್ಮಿನಲ್ಲಿ ಅಜ್ಜನ ಕೆಲಸ. ಆವತ್ತು ಜಿಂಕೆಯ ಕಿವಿ ಹೊಲಿಯುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಕೇಳಿದಳು: “ಅಜ್ಜಾ, ಇದಕ್ಕೆ ಇಷ್ಟು ದೊಡ್ಡ ಕಿವಿ ಯಾರು ಕೊಟ್ರು?”

“ಚಿರತೆ ಕಣೇ! ಕಿವಿ ಮಂದ ಇದ್ದವನ್ನ ಅದು ತಿಂದುಬಿಡ್ತು. ಚುರುಕು ಕಿವಿಯವು ಉಳಿದು ಮರಿ ಹಾಕಿದ್ವು, ಮರಿಗಳಿಗೂ ಅದೇ ಕಿವಿ ಬಂತು.”

“ಮತ್ತೆ ಚಿರತೆಗೆ ಮೆತ್ತನೆ ಪಾದ?”

“ಅದು ಜಿಂಕೆ ಕೊಟ್ಟಿದ್ದು. ಸದ್ದು ಮಾಡೋ ಚಿರತೆಗೆ ಊಟವೇ ಸಿಗಲಿಲ್ಲ, ಇನ್ನು ಮರಿ ಎಲ್ಲಿಂದ ಬರಬೇಕು?”

“ಥೇಟ್ ನೀನೂ ಅಜ್ಜೀನೂ!” ಎಂದು ಅವಳು ಕಿಸಕ್ಕನೆ ನಕ್ಕಳು.

ಸುಳ್ಳೇನಲ್ಲ. ಡಾಕ್ಟರು ಸಿಹಿ ಬಿಡಿಸಿದ ಮೇಲೆ ಅಜ್ಜ ಬೆಕ್ಕಿನ ಹೆಜ್ಜೆ ಕಲಿತಿದ್ದ. ಅಜ್ಜಿಯೇನು ಕಡಿಮೆಯೇ? ಪಕ್ಕದ ಕೋಣೆಯಿಂದಲೇ ಸಕ್ಕರೆ ಡಬ್ಬಿಯ ಮುಚ್ಚಳದ ಸದ್ದು ಹಿಡಿದು, ಅವನ ಗ್ರಹಚಾರ ಬಿಡಿಸುತ್ತಿದ್ದಳು.

ಮಧ್ಯಾಹ್ನ ಮನೆಗೆ ಬಂದವನು ಮೆಲ್ಲಗೆ ಡಬ್ಬಿ ತೆರೆದ. ಮುಚ್ಚಳ ಟಕ್ಕೆಂದಿತು. ಅಲ್ಲೇ ಬಟ್ಟೆ ಮಡಚುತ್ತಿದ್ದ ಅಜ್ಜಿ ತಿರುಗಲಿಲ್ಲ. ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡು ಮತ್ತೊಮ್ಮೆ ಟಕ್ಕೆನಿಸಿದ. ಊಹೂಂ. ಗೆದ್ದೆನೆಂದು ಬೀಗಬೇಕಿತ್ತು, ಅಜ್ಜನ ಎದೆ ಧಸಕ್ಕೆಂದಿತು.

ಬೇಕೆಂದೇ ಮುಚ್ಚಳವನ್ನು ಢಣಾರನೆ ನೆಲಕ್ಕೆ ಬೀಳಿಸಿದ.

“ಸಿಕ್ಕಿಬಿದ್ರಲ್ಲಾ ಕಳ್ಳರು!” ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತಳು. ಮುಖ ಅರಳಿತ್ತು.

ಅಜ್ಜ ತಲೆ ತಗ್ಗಿಸಿ ಡಬ್ಬಿ ಒಪ್ಪಿಸಿದ. “ಏನು ಕಿವಿಯೇ ನಿಂದು! ಈ ಮನೇಲಿ ನಾನು ಬದುಕೋದು ಹೇಗೆ?” ಎಂದ, ಯಾವತ್ತಿಗಿಂತ ತುಸು ಗಟ್ಟಿಯಾಗಿ.