ಬೆನ್ನು ಕೊಟ್ಟು ಕೂತವಳು

ಅವಳನ್ನು ಮೊದಲು ಕಂಡದ್ದು ಅಕ್ಕ, ಔಷಧಿ ಅಂಗಡಿಯ ಗಾಜಿನ ಮೇಲೆ. ಕಿಟಕಿಯತ್ತ ಮುಖ ಮಾಡಿ, ನೋಡುವವರಿಗೆ ಬೆನ್ನು ಕೊಟ್ಟು ಕೂತ ಹೆಂಗಸು. ಪಕ್ಕದ ಖಾಲಿ ಜಾಗದಲ್ಲಿ ನೋವಿನ ಮುಲಾಮಿನ ಹೆಸರು. ಆಮೇಲೆ ಹಾಸಿಗೆ ಅಂಗಡಿಯ ಫಲಕದಲ್ಲೂ ಅವಳೇ, ಬ್ಯಾಂಕಿನ ಗೋಡೆಯ ಮೇಲೂ ಅವಳೇ. ಚಿತ್ರ ತೆಗೆದವನು ತನ್ನ ಗಂಡನೆಂದು ಅಕ್ಕನಿಗೆ ಗೊತ್ತಿತ್ತು. ಅದು ಅವನ ಕಸುಬು. ಯಾರು ಯಾವುದಕ್ಕೆ ಬೇಕಾದರೂ ಕೊಂಡು ಬಳಸಬಹುದಾದ ಚಿತ್ರಗಳನ್ನು ತೆಗೆದು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿಡುತ್ತಿದ್ದ. ಹಾಗಾಗಿ ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಒಂದು ಬೆಳಿಗ್ಗೆ ಅವನು ಗೆಳೆಯನ ಹತ್ತಿರ ಫೋನಿನಲ್ಲಿ ಆಡಿದ ಮಾತು ಅವಳ ಕಿವಿಗೆ ಬಿತ್ತು.

"ಆ ಕಿಟಕಿಯವಳು ಇದಾಳಲ್ಲ, ನನ್ನ ಉಳಿಸಿದವಳೇ ಅವಳು ಮಾರಾಯ. ಮಿಕ್ಕಿದ್ದೆಲ್ಲ ದಂಡ."

"ಯಾರ್ರೀ ಅವಳು?" ಎಂದು ಅಕ್ಕ ಕೇಳಿದಳು.

ಅಕ್ಕನ ಗಂಡ, ಅಂದರೆ ತಂಗಿಯ ಭಾವ, ಬಗ್ಗಿ ಷೂ ದಾರ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ. "ಯಾರಾದ್ರೇನು? ಮುಖಾನೇ ಇಲ್ವಲ್ಲ," ಎಂದು ಹೊರಟುಬಿಟ್ಟ.

ಅಲ್ಲಿಂದ ಅಕ್ಕನ ತಲೆಯಲ್ಲಿ ಹುಳ ಹೊಕ್ಕಿತು.

ತಂಗಿ ಆ ಮನೆಯಲ್ಲೇ ಇದ್ದು ಭಾವನ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದಳು. ಓದನ್ನು ಅರ್ಧಕ್ಕೇ ಬಿಟ್ಟವಳು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳು. ಅದಕ್ಕೇ ಭಾವ ಅವಳನ್ನು ವಾಚಾಳಿ ಎಂದು ಕರೆಯುತ್ತಿದ್ದ. ಬಾಯಿಗೆ ಕೆಲಸವಿಲ್ಲದ್ದರಿಂದ ಅವಳ ಕಣ್ಣಿಗೆ ಕೆಲಸ ಜಾಸ್ತಿ.

"ದಿನವಿಡೀ ಅವರ ಜೊತೆ ಇರ್ತೀಯ. ನಿಂಗೆ ಗೊತ್ತಿಲ್ದೆ ಇರುತ್ತೇನೇ?" ಎಂದಳು ಅಕ್ಕ, ಪಾತ್ರೆ ತೊಳೆಯುತ್ತಾ.

"ನಂಗೊತ್ತಿಲ್ಲಕ್ಕ. ನಾನು ಬರೋಕೆ ಮುಂಚೆ ತೆಗೆದಿದ್ದು."

"ನೀನೂ ಅವರ ಕಡೆನೇ ಅನ್ನು." ಅಕ್ಕ ನಲ್ಲಿ ನಿಲ್ಲಿಸಿದಳು. "ನೋಡು, ಅವಳು ಯಾರು ಅಂತ ತಿಳ್ಕೊಂಡು ಬಾ. ಅದು ಗೊತ್ತಾಗೋವರೆಗೂ ನಾನು ಈ ಮನೇಲಿರ್ತೀನೋ ಬಿಡ್ತೀನೋ ನಂಗೇ ಗೊತ್ತಿಲ್ಲ."

ಅಕ್ಕ ಸುಮ್ಮಸುಮ್ಮನೆ ಹಾಗೆ ಅನ್ನುವವಳಲ್ಲ.

ಸ್ಟುಡಿಯೋ ಅಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ. ಎರಡು ದೊಡ್ಡ ದೀಪ, ಇಳಿಬಿಟ್ಟ ಬಿಳಿ ಬಟ್ಟೆ, ಎಂದೂ ಕಾಫಿ ಕಾಣದ ಬಿಳಿ ಕಪ್ಪುಗಳು. ಅಲ್ಲಿಗೆ ಚಿತ್ರಕ್ಕೆ ನಿಲ್ಲಲು ಬರುತ್ತಿದ್ದವರು ಮೂವರೇ: ಅಜ್ಜಿಯಾಗಿ ನಗಲು ಒಬ್ಬ ನಿವೃತ್ತ ಟೀಚರು, ಡಾಕ್ಟರ ಕೋಟು ಹಾಕಿಕೊಳ್ಳಲು ಒಬ್ಬ ಟೈಲರು, ಮತ್ತೆ ಎಲ್ಲದಕ್ಕೂ ಸಲ್ಲುವ ಒಬ್ಬ ನರ್ಸು. ತಂಗಿಯ ಕಣ್ಣು ನರ್ಸಿನ ಮೇಲೆ ಬಿತ್ತು. ದೀಪ ಸರಿಪಡಿಸುವ ನೆಪದಲ್ಲಿ ಹಿಂದೆ ಹೋಗಿ ನಿಂತು ಅವಳ ಕುತ್ತಿಗೆ, ಭುಜ, ಕಿವಿಯ ಹಿಂಭಾಗವನ್ನೆಲ್ಲ ಅಳೆದಳು.

"ಏನಮ್ಮ, ನನ್ನ ತಲೇಲಿ ಹೇನು ಹುಡುಕ್ತಿದೀಯಾ?" ಎಂದಳು ನರ್ಸು.

ಭುಜ ಚಿತ್ರದವಳದ್ದಕ್ಕಿಂತ ಅಗಲ. ಅವಳಲ್ಲ. ಹಾಗಂತ ತಂಗಿಗೆ ಸಮಾಧಾನವಾಗಲಿಲ್ಲ. ಇಲ್ಲಿಗೆ ಬಾರದ ಇನ್ನೊಬ್ಬಳಿದ್ದಾಳೆ ಎಂದಾಯಿತಲ್ಲ.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಭಾವ ಕಂಪ್ಯೂಟರಿನ ಮುಂದೆ ಕೂತ. ಟೀಚರ ಚಿತ್ರದಿಂದ ಗಡಿಯಾರದ ಮೇಲಿದ್ದ ಕಂಪನಿಯ ಗುರುತನ್ನು ಅಳಿಸಿದ. ಕಪ್ಪಿನ ಬಿರುಕು ಅಳಿಸಿದ. ಗಲ್ಲದ ಮೇಲಿನ ಗಾಯದ ಕಲೆಯೂ ಹೋಯಿತು.

"ಯಾಕೆ ಭಾವ ಎಲ್ಲ ಅಳಿಸ್ತೀರಾ?"

"ಓಹೋ, ವಾಚಾಳಿ ಬಾಯಿಬಿಟ್ಟಳು." ಅವನು ಕುರ್ಚಿ ತಿರುಗಿಸಿದ. "ಕೊಳ್ಳೋನು ಚೆನ್ನಾಗಿರೋ ಚಿತ್ರ ಹುಡುಕಲ್ಲ ಕಣೇ. ತನ್ನ ಮಾತು ಕೂರಿಸೋಕೆ ಜಾಗ ಹುಡುಕ್ತಾನೆ. ಅದಕ್ಕೇ ಒಂದು ಪಕ್ಕ ಖಾಲಿ ಬಿಡೋದು. ಯಾರದ್ದು, ಎಲ್ಲಿಯದ್ದು ಅಂತ ಗೊತ್ತಾದ್ರೆ ಅದು ಒಬ್ಬರ ಚಿತ್ರ ಆಗೋಗುತ್ತೆ. ಗೊತ್ತಾಗದೆ ಇದ್ರೆ ಎಲ್ಲರದ್ದೂ. ಮುಲಾಮಿಗೂ ಆಯ್ತು, ಹಾಸಿಗೆಗೂ ಆಯ್ತು."

"ಕಿಟಕಿಯವಳ ಹಾಗೆ."

ಅವನು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದ. "ಹೂಂ. ಮುಖ ಕಂಡ್ರೆ ಅವರ ಒಪ್ಪಿಗೆ ಬೇಕು, ಸಹಿ ಬೇಕು, ನೂರೆಂಟು ತಾಪತ್ರಯ. ಬೆನ್ನಿಗೆ ಯಾರೂ ಕೇಳಲ್ಲ." ಹಾಗೆಂದು, ಟೀ ಕುಡಿದು ಬರುತ್ತೇನೆಂದು ಎದ್ದು ಹೋದ. ಮೇಜಿನ ಮೇಲೆ ಟೀ ಫ್ಲಾಸ್ಕು ತುಂಬಿಕೊಂಡೇ ಇತ್ತು.

ಅವನ ಹೆಜ್ಜೆ ಮೆಟ್ಟಿಲಿಳಿಯುವವರೆಗೂ ತಂಗಿ ಕಾದಳು. ಅಳಿಸಿದ್ದು ಇಷ್ಟಿದ್ದರೆ, ಅಳಿಸುವ ಮೊದಲು ಏನಿತ್ತು? ಪ್ರತಿ ಚಿತ್ರದ ಮೂಲವನ್ನೂ ಭಾವ ಹಾಗೇ ಇಟ್ಟುಕೊಳ್ಳುತ್ತಾನೆಂದು ಅವಳಿಗೆ ಗೊತ್ತಿತ್ತು. ಹುಡುಕಿ ತೆರೆದಳು.

ಊರಿನ ಗೋಡೆಗಳ ಮೇಲೆ ಬೂದು ಬಣ್ಣದ್ದಾಗಿದ್ದ ಉಡುಪು ಇಲ್ಲಿ ಹಳದಿ. ಕಿಟಕಿಗೆ ತುಕ್ಕು ಹಿಡಿದ ಸರಳುಗಳು. ನೆಲದ ಖಾಲಿ ಜಾಗದಲ್ಲಿ, ಬಹಳ ಕಾಲ ಭಾರವಾದದ್ದೊಂದು ನಿಂತಿದ್ದಂತೆ ನಾಲ್ಕು ಗುರುತು. ಎತ್ತಿ ಕಟ್ಟಿದ ಕೂದಲ ಕೆಳಗೆ, ಕುತ್ತಿಗೆಯ ಎಡಕ್ಕೆ ಒಂದು ಮಚ್ಚೆ. ಚಿಕ್ಕಂದಿನಲ್ಲಿ ಜಡೆ ಹೆಣೆಯುವಾಗೆಲ್ಲ ತಂಗಿ ಬೆರಳಿನಿಂದ ಒತ್ತಿ ಕೀಟಲೆ ಮಾಡುತ್ತಿದ್ದ ಮಚ್ಚೆ ಅದು.

ಅದು ಅಕ್ಕ.

ಅಕ್ಕನಿಗೆ ಗುರುತು ಸಿಗದೆ ಹೋದದ್ದರಲ್ಲಿ ಆಶ್ಚರ್ಯವೇನಿದೆ? ತನ್ನ ಬೆನ್ನನ್ನು ತಾನೇ ಯಾರು ನೋಡಿರುತ್ತಾರೆ?

ಸಂಜೆ ವಿಷಯ ಹೇಳುವಾಗ ಅಕ್ಕ ನಗುತ್ತಾಳೆಂದು, ಅಲ್ಲಿಗೆ ಎಲ್ಲ ಮುಗಿಯಿತೆಂದು ತಂಗಿ ಅಂದುಕೊಂಡಿದ್ದಳು. ಅಕ್ಕ ನಗಲಿಲ್ಲ.

"ನೆಲದ ಮೇಲೆ ಗುರುತಿತ್ತು ಅಂದ್ಯಲ್ಲ. ಹಳದಿ ಉಡುಪು ಅಂದ್ಯಲ್ಲ," ಎಂದು ಮತ್ತೆ ಮತ್ತೆ ಕೇಳಿದಳು. "ನನ್ನ ಹೊಲಿಗೆ ಮೆಷಿನ್ ಮಾರಿದ ದಿನ ಕಣೇ ಅದು. ಅವರ ದೀಪಗಳಿಗೋಸ್ಕರ ನಾನೇ ಮಾರಿ ಅಂದಿದ್ದೆ. ಅದನ್ನ ಹೊತ್ಕೊಂಡು ಹೋದ್ಮೇಲೆ ಒಳಗೆ ಕೂತು ಅತ್ತೆ. ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ."

ಮಾರನೆಯ ದಿನ ಅಕ್ಕ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಳು. ಆ ಹೊತ್ತಿಗೆ ಭಾವ ಖಾಲಿ ಕುರ್ಚಿಯೊಂದಕ್ಕೆ ಬೆಳಕು ಹೊಂದಿಸುತ್ತಿದ್ದ. ಅವಳು ನೇರವಾಗಿ ಹೋಗಿ ಆ ಕುರ್ಚಿಯಲ್ಲೇ ಕೂತಳು, ಅವನಿಗೆ ಎದುರಾಗಿ.

"ನಿಮ್ಮನ್ನ ಉಳಿಸಿದವಳು ಬಂದಿದೀನಿ. ಒಳ್ಳೆ ಟೀ ಇದ್ರೆ ಕೊಡಿ."

ಭಾವ ತಂಗಿಯ ಕಡೆ ನೋಡಿದ.

"ನಾನು ಹೇಳ್ಬೇಕು ಅಂತಾನೇ ಇದ್ದೆ," ಎಂದ ಅವನು.

"ಯಾವಾಗ? ಇನ್ನೂ ಎಷ್ಟು ಅಂಗಡಿ ಬಾಕಿ ಇತ್ತು?"

"ಬೆಳಕು ಹಂಗೆ ಬಿದ್ದಿತ್ತು. ಬಾಗಿಲಲ್ಲಿ ನಿಂತು ಒಂದೇ ಒಂದು ತೆಗೆದೆ. ಮುಖ ಕಾಣಲ್ವಲ್ಲ, ಕೇಳೋ ಅಗತ್ಯ ಇಲ್ಲ ಅಂದ್ಕೊಂಡೆ."

"ಅದು ನಿಮ್ಮ ಗಿರಾಕಿಗಳಿಗೆ ಮಾಡಿಕೊಂಡ ಕಾನೂನು. ನಾನು ನಿಮ್ಮ ಹೆಂಡ್ತಿ." ಅಕ್ಕನ ದನಿ ಏರಲಿಲ್ಲ. "ಅಳೋದು ನೋಡಿದ್ರಿ. ಒಳಗೆ ಬರಲಿಲ್ಲ. ಹೋಗಿ ಕ್ಯಾಮೆರಾ ತಂದ್ರಿ. ಬೇರೆ ಹೆಂಗಸು ಇದ್ದಿದ್ರೇ ವಾಸಿಯಾಗಿತ್ತು ರೀ. ಅವಳ ಜೊತೆ ಜಗಳ ಆಡಬಹುದಿತ್ತು. ಈಗ ನಾನು ಒಬ್ಬಳೇ ಕೂತಾಗೆಲ್ಲ ಹಿಂದೆ ತಿರುಗಿ ನೋಡಬೇಕು."

ಕೆಳಗಿನ ಅಂಗಡಿಯಲ್ಲಿ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ಭಾವ ಕಂಪ್ಯೂಟರಿನ ಮುಂದೆ ಕೂತು ಚಿತ್ರವನ್ನು ಮಾರಾಟದಿಂದ ತೆಗೆದ. ಈಗಾಗಲೇ ಮಾರಿದ್ದನ್ನು ವಾಪಸ್ಸು ತರುವುದಕ್ಕಾಗುವುದಿಲ್ಲ ಎಂದು ನೆಲ ನೋಡುತ್ತಾ ಹೇಳಿದ. ಆಮೇಲೆ ಸ್ಟೂಲನ್ನು ಎಳೆದುಕೊಂಡು ಅಕ್ಕನ ಎದುರು ಬಂದು ಕೂತ. ಅವರಿಬ್ಬರೂ ಈಗ ದೀಪದ ಬೆಳಕಿನಲ್ಲಿದ್ದರು.

"ಆವತ್ತು ಯಾಕೆ ಅತ್ತೆ? ಮೆಷಿನ್ನಿಗಾ? ನನ್ನ ಮೇಲಿನ ಸಿಟ್ಟಿಗಾ?"

ಅಕ್ಕ ಅವನ ಹೆಗಲ ಮೇಲಿಂದ ಹಿಂದಕ್ಕೆ, ಮೂರು ಕಾಲಿನ ಮೇಲೆ ನಿಂತಿದ್ದ ಕ್ಯಾಮೆರಾವನ್ನು ನೋಡಿದಳು.

"ಅದು ಆಫ್ ಆಗಿದೆಯೇನೇ?" ಎಂದು ತಂಗಿಯನ್ನು ಕೇಳಿದಳು.

"ಆಗಿದೆ," ಎಂದ ಭಾವ.

"ನಿಮ್ಮನ್ನ ಕೇಳಲಿಲ್ಲ."

ತಂಗಿ ಹೋಗಿ ನೋಡಿದಳು. ಆಫ್ ಆಗಿತ್ತು. ಆದರೂ ಅದನ್ನು ಗೋಡೆಯ ಕಡೆಗೆ ತಿರುಗಿಸಿ, ಲೆನ್ಸಿಗೆ ಮುಚ್ಚಳ ಹಾಕಿ ಅಲ್ಲೇ ನಿಂತಳು. ಆಗ ಅಕ್ಕ ಮಾತಾಡತೊಡಗಿದಳು.