ಗಾಲಿಯ ಒಳಗಿನ ಗುರುತು

ನನ್ನ ತಮ್ಮಂದಿರಿಬ್ಬರೂ ನನ್ನನ್ನು ನಂಬುತ್ತಿದ್ದುದಕ್ಕೆ ಕಾರಣ ಒಂದೇ. ನನಗೆ ಪಾಲು ಇರಲಿಲ್ಲ. ಜಕ್ಕೂರಿನ ನಮ್ಮ ಹೊಲಗಳು ಅಪಾರ್ಟ್‌ಮೆಂಟ್ ಆಗುವ ಹೊತ್ತಿಗೆ ಅರಿಶಿನ ಕುಂಕುಮದ ಹೆಸರಿನಲ್ಲಿ ನನಗೊಂದು ರೇಷ್ಮೆ ಸೀರೆ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು, ‘ಶಾಂತಲಕ್ಕ ದೇವರಂಥೋಳು’ ಅಂದರು. ದೇವರಿಗೆ ಮನೆಯಲ್ಲಿ ಒಂದು ಗೂಡು ಬಿಟ್ಟು ಬೇರೇನು ಕೊಡುತ್ತಾರೆ ಹೇಳಿ. ನಾನು ಗೊಣಗಲಿಲ್ಲ. ನನಗೆ ಬೇಕಿದ್ದುದು ತವರು. ಆರ್.ಟಿ. ನಗರದಿಂದ ಬಸ್ಸು ಹತ್ತಿ ಹೋದಾಗ ಎರಡು ಅಡುಗೆಮನೆಯಲ್ಲೂ ‘ಬಾಕ್ಕ, ಕೂತ್ಕೋ’ ಅನ್ನುವವರಿರಬೇಕು, ಅಷ್ಟೇ.

ಎರಡು ಅಡುಗೆಮನೆ ಅಂದೆನಲ್ಲ. ಅಪ್ಪ ಲಕ್ಕಣ್ಣ ತೀರಿಕೊಂಡ ಮೇಲೆ ಅನಂತರಾಜು, ಅಶ್ವತ್ಥ್ ಇಬ್ಬರೂ ಮನೆಯ ನಡುವೆ ಗೋಡೆ ಎಬ್ಬಿಸಿದರು. ಅದು ಅಂಗಳಕ್ಕೂ ಇಳಿದು ಬಂದು ಅಪ್ಪನ ಹಳೆಯ ಜೀಪಿನ ಹತ್ತಿರ ನಿಂತುಬಿಟ್ಟಿತು. ಜೀಪು ಯಾರಿಗೆ ಅನ್ನುವುದು ತೀರ್ಮಾನವಾಗಿರಲಿಲ್ಲ. ಸರಿಸೋಣವೆಂದರೆ ಯಾವ ಕಡೆಗೆ ಸರಿಸುವುದು? ಗಾರೆಯವನು ಬೇಸತ್ತು ಜೀಪಿನಷ್ಟು ಜಾಗ ಬಿಟ್ಟು ಆಚೆಯಿಂದ ಗೋಡೆ ಮುಂದುವರಿಸಿದ. ಅಣ್ಣ ತಮ್ಮಂದಿರ ನಡುವೆ ಮಾತು ನಿಂತು ಎರಡು ವರ್ಷವಾಗಿತ್ತು. ಏನಿದ್ದರೂ ‘ಅವನಿಗೆ ಹೇಳಕ್ಕ’ ಎಂದು ನನ್ನ ಫೋನಿಗೇ ಬರುತ್ತಿತ್ತು.

ಆ ಜೀಪನ್ನು ಅಪ್ಪ ಫ್ಲೈಯಿಂಗ್ ಕ್ಲಬ್ಬಿನ ಒಬ್ಬ ಅಧಿಕಾರಿಯಿಂದ ಕೊಂಡಿದ್ದರು. ಕಲ್ಲು, ಕೊರಕಲು, ಕೆರೆಯ ಕೆಸರು ಯಾವುದಕ್ಕೂ ಜಗ್ಗದ ಗಾಡಿ. ಅದರ ಅಲಾಯ್ ಗಾಲಿಗಳೆಂದರೆ ಅಪ್ಪನಿಗೆ ಪ್ರಾಣ. ಈಗ ಅವು ಬ್ರೇಕಿನ ಮಸಿ ಹಿಡಿದು ಕಪ್ಪಾಗಿದ್ದವು. ಬಣ್ಣ ಎದ್ದ ಕಡೆಯೆಲ್ಲ ಬೂಷ್ಟಿನಂತೆ ಬಿಳಿ ಪುಡಿ ಏಳುತ್ತಿತ್ತು. ಅನಂತರಾಜುವಿನ ಮಗಳು ರಮ್ಯ ತನ್ನ ಮದುವೆಗೆ ಛತ್ರಕ್ಕೆ ಹೋದರೆ ತಾತನ ಜೀಪಿನಲ್ಲೇ ಎಂದು ಹಟ ಹಿಡಿದಳು. ಗಾಡಿ ಓಡಿಸಲು ಬರುವುದು ಅಶ್ವತ್ಥ್‌ಗೆ ಮಾತ್ರ. ಗಾಲಿ ಹೊಸದು ಮಾಡುವವನೂ ಅವನಿಗೇ ಗೊತ್ತು, ದಾಸರಹಳ್ಳಿಯ ಖಾದರ್ ಬಾಷಾ. ‘ಅವನಿಗೇ ಗೊತ್ತು’ ಅನ್ನುವುದೇ ಸಾಕಾಯಿತು ಅನಂತರಾಜುವಿಗೆ. ಅಂದಿನಿಂದ ಅವನ ನಿದ್ದೆ ಹಾರಿಹೋಯಿತು.

ಜೀಪಿಗೆ ಹಳೆಯ ಕಬ್ಬಿಣದ ಗಾಲಿ ಹಾಕಿ, ಬಿಚ್ಚಿದ ನಾಲ್ಕು ಅಲಾಯ್‌ಗಳನ್ನು ಗೋಡೆಯ ಸಂದಿನಲ್ಲಿ ಇಟ್ಟಿದ್ದರು. ನಾನು ಹೋಗಿದ್ದ ದಿನ ಅನಂತರಾಜು ನನ್ನನ್ನು ನೀರಿನ ಸಂಪಿನ ಹಿಂದಕ್ಕೆ ಕರೆದ.

“ಅಕ್ಕಾ, ಒಂದ್ ಮಾತು ಏಳ್ತೀನಿ. ಮನೆದೇವ್ರ ಮೇಲೆ ಆಣೆ ಇಡು, ಯಾರ್ಗೂ ಏಳ್ಬಾರ್ದು.”

ಇಟ್ಟೆ. ಇಡದಿದ್ದರೆ ಅವನು ಬಿಡುವವನಲ್ಲ.

“ನಾಲ್ಕು ಗಾಲಿಗೂ ಒಳಗಡೆ ಮೊಳೆ ಇಟ್ಟು ಮೂರ್ ಮೂರ್ ಚುಕ್ಕಿ ಒಡ್ದಿದೀನಿ. ಗಾಳಿ ತುಂಬೋ ತೂತಿನ ಪಕ್ಕದಾಗೆ. ಅವ್ನು ಅಪ್ಪನ ಗಾಲಿ ಎಲ್ಲೋ ಸಾಗಾಕಿ ಡಬ್ಬ ಗಾಲಿ ತಂದಾಕಿದ್ರೆ ಗೊತ್ತಾಗ್ಬೇಕಲ್ಲ?”

“ಒಡಹುಟ್ಟಿದೋನ ಮೇಲೆ ಇಷ್ಟು ಅನುಮಾನಾನಾ?”

“ಅನುಮಾನ ಅಲ್ಲ ಕಣಕ್ಕ. ಉಷಾರು.”

ಆಚೆ ಮನೆಗೆ ಕಾಫಿ ಕುಡಿಯಲು ಹೋದೆ. ಅಶ್ವತ್ಥ್ ಹೆಂಡತಿಯನ್ನು ಹೊರಗೆ ಕಳಿಸಿ, ನನ್ನನ್ನು ದೇವರ ಮುಂದೆ ನಿಲ್ಲಿಸಿ, ದೀಪ ಮುಟ್ಟಿ ಆಣೆ ಮಾಡು ಅಂದ. ನಗು ತಡೆದುಕೊಂಡು ಮುಟ್ಟಿದೆ.

“ಗಾಲಿ ಅಂಚಿನ ಹಿಂದೆ ಗರಗಸದ ಬ್ಲೇಡಲ್ಲಿ ಒಂದೊಂದು ಕಚ್ಚು ಹಾಕಿದೀನಿ, ವಾಲ್ವ್ ತೂತಿಗೆ ಎದುರುಗಡೆ. ಅಣ್ಣ ಎಂಥೋನು ಅಂತ ನಿಂಗೊತ್ತಲ್ಲ. ನಾನಿಲ್ದಾಗ ಬಾಷಾ ಹತ್ರ ಹೋಗಿ ಬದಲಾಯ್ಸಿಬಿಟ್ಟು, ಆಮೇಲೆ ನನ್ನೇ ಕಳ್ಳ ಅಂದ್ರೆ?”

ಆ ಮಸಿಯಲ್ಲಿ ಒಬ್ಬನ ಗುರುತು ಇನ್ನೊಬ್ಬನ ಕಣ್ಣಿಗೆ ಬಿದ್ದಿರಲಿಲ್ಲ. ಮೆಕ್ಯಾನಿಕ್‌ಗೆ ಗಾಡಿ ಬಿಡುವಾಗ ಬ್ಯಾಟರಿಯ ಅಡಿಯಲ್ಲಿ ಗೀಚುವುದು, ಟೈರಿನ ಒಳಗೆ ಚುಕ್ಕಿ ಇಡುವುದು ನಮ್ಮ ಅಪ್ಪನಿಗೂ ಅಭ್ಯಾಸವಿತ್ತು. ಆದರೆ ಅವರು ಗುರುತು ಹಾಕುತ್ತಿದ್ದುದು ಹೊರಗಿನವರಿಗೆ ಹೆದರಿ. ಇವರು ಒಂದೇ ತಾಯಿಯ ಹಾಲು ಕುಡಿದವರು. ನನಗೆ ಸಿಟ್ಟು ಬಂತು, ಆದರೂ ಬಾಯಿ ಮುಚ್ಚಿಕೊಂಡೆ. ಬಾಯಿ ಬಿಟ್ಟರೆ ಒಂದು ಮನೆಯ ಊಟ ತಪ್ಪುತ್ತದೆ. ಎರಡೂ ತಪ್ಪಬಹುದು.

ಗಾಲಿಗಳು ದಾಸರಹಳ್ಳಿಗೆ ಹೋದವು. ವಾರ ಕಳೆಯುವುದರೊಳಗೆ ಇಬ್ಬರದೂ ಫೋನು. ‘ಅಕ್ಕ, ನೀನೊಂದ್ಸಲ ಹೋಗಿ ನೋಡ್ಕೊಂಡ್ ಬಾ. ನಾನು ಹೇಳ್ದೆ ಅಂತ ಅವನಿಗೆ ಹೇಳ್ಬೇಡ.’ ಹೋದೆ. ತುಮಕೂರು ರಸ್ತೆಯಿಂದ ಒಳಗೆ ತಿರುಗಿದ ಗಲ್ಲಿಯಲ್ಲಿ ಶಟರ್ ಅರ್ಧ ಇಳಿಸಿದ ಅಂಗಡಿ. ಐವತ್ತು ದಾಟಿದ ಗಂಡಸು ಮೂಗಿನ ಮಾಸ್ಕನ್ನು ಕತ್ತಿಗೆ ಇಳಿಸಿ ನನ್ನನ್ನು ಅಳೆದು ನೋಡಿದ.

“ಯಾರು ನೀವು?”

“ಜಕ್ಕೂರಿನ ಜೀಪಿನವರ ಅಕ್ಕ.”

“ಯಾರ ಅಕ್ಕ? ದೊಡ್ಡವರದಾ ಚಿಕ್ಕವರದಾ?”

“ಇಬ್ಬರದೂ.”

ಖಾದರ್ ಬಾಷಾ ತಲೆ ಚಚ್ಚಿಕೊಂಡ. “ಮೊನ್ನೆ ಚಿಕ್ಕವರು ಬಂದಿದ್ರು, ನಿನ್ನೆ ದೊಡ್ಡವರು. ಇಬ್ರನ್ನೂ ಒಳಗೆ ಬಿಟ್ಟಿಲ್ಲ ನಾನು. ಇಬ್ರೂ ಬಂದಿದ್ದು ಇನ್ನೊಬ್ರಿಗೆ ಹೇಳ್ಬೇಡ ಅಂದ್ರು. ನಿಜ ಹೇಳಿ ಅಮ್ಮಾ, ಕದ್ದ ಮಾಲಾ ಇದು?”

“ಅಯ್ಯೋ, ನಮ್ಮಪ್ಪಂದು.”

“ಹೋದ್ ವರ್ಷ ಒಬ್ಬ ಹಿಂಗೇ ‘ನಮ್ಮಪ್ಪಂದು’ ಅಂತ ತಂದುಕೊಟ್ಟ. ಕದ್ದಿದ್ದು. ಪೊಲೀಸ್ನೋರು ನನ್ನ ಎತ್ಕೊಂಡ್ಹೋಗಿ ದಿನವಿಡೀ ಸ್ಟೇಷನ್ನಲ್ಲಿ ಕೂರಿಸಿದ್ರು. ಗಲ್ಲಿ ಪೂರ್ತಿ ನೋಡ್ತು. ನನ್ನ ಮಗಳು ಲೈಬಾ ಕಾಲೇಜಿಗೆ ಹೋಗೋದೇ ಬಿಟ್ಟಿದ್ಲು ಸ್ವಲ್ಪ ದಿನ. ಇನ್ನೊಂದ್ಸಲ ಹಂಗಾದ್ರೆ ಈ ಅಂಗಡಿ ಮುಚ್ಚಿ ಊರು ಬಿಡ್ಬೇಕು ನಾನು.”

ಕೊನೆಗೆ ಬಾಗಿಲಲ್ಲೇ ನಿಲ್ಲಿಸಿ ತೋರಿಸಿದ. ಒಂದು ಗಾಲಿಗೆ ಬಣ್ಣ ಕೀಳುವ ಔಷಧಿ ಬಳಿದಿದ್ದ. ಹಳೆಯ ಬಣ್ಣ ಆರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಮೇಲೆದ್ದಿತ್ತು. ಅವನು ಮರದ ಚಕ್ಕೆಯಿಂದ ಅದನ್ನು ಹೆರೆದ, ಆಮೇಲೆ ಬ್ರಷ್ಷು, ಆಮೇಲೆ ನೀರು. ಮಸಿಯ ಕೆಳಗಿನಿಂದ ಬೆಳ್ಳನೆಯ ಲೋಹ ಕಂಡಾಗ ನನಗೆ ಎದೆ ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಒಳಗೆ ಕಣ್ಣಾಡಿಸಿದರೆ ಇದ್ದದ್ದು ಮೂರೇ ಗಾಲಿ.

“ನಾಲ್ಕನೇದೆಲ್ಲಿ?”

“ಬಣ್ಣ ಬೇಯಿಸೋ ಒಲೇಲಿದೆ. ಮೊದ್ಲು ಒಂದು ಮುಗ್ಸಿ ಬಣ್ಣ ಹೊಂದತ್ತಾ ನೋಡ್ತೀನಿ.”

“ಸ್ವಲ್ಪ ತೋರಿಸಿ.”

“ಈಗ ಬಾಗಿಲು ತೆಗೆದ್ರೆ ಬಣ್ಣ ಕೆಡತ್ತೆ ಅಮ್ಮಾ,” ಎಂದು ಶಟರ್ ಇನ್ನಷ್ಟು ಕೆಳಗೆಳೆದ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ನಾಲ್ಕನೆಯದು ನಿಜವಾಗಿಯೂ ಒಲೆಯಲ್ಲಿತ್ತೋ? ಶಟರ್ ಯಾಕೆ ಎಳೆದ? ತಮ್ಮಂದಿರನ್ನು ಆಡಿಕೊಳ್ಳುತ್ತಿದ್ದವಳು ಹೆಬ್ಬಾಳ ಬರುವಷ್ಟರಲ್ಲಿ ಮನಸ್ಸಿನಲ್ಲೇ ಅವನ ಮೇಲೆ ಕಂಪ್ಲೇಂಟು ಬರೆದು ಮುಗಿಸಿದ್ದೆ. ಅನುಮಾನ ನೆಗಡಿಯ ಹಾಗೆ, ಹತ್ತಿರ ಕೂತವರಿಗೂ ಅಂಟುತ್ತದೆ.

ಗಾಲಿ ತರುವ ದಿನ ಬಂತು. ಅಶ್ವತ್ಥ್ ಜೀಪು ತಂದ, ನಾನು ಅವನ ಜೊತೆ ಕೂತೆ. ಅನಂತರಾಜು ಹಿಂದೆ ಆಟೋದಲ್ಲಿ ಬಂದ. ತಮ್ಮನ ಪಕ್ಕ ಕೂರುವುದಕ್ಕಿಂತ ಆಟೋದವನ ಜೊತೆ ಜಗಳ ಆಡುವುದೇ ಅವನಿಗೆ ವಾಸಿಯಾಗಿತ್ತು.

ಅಂಗಡಿಯ ಮುಂದೆ ಗೋಣಿಚೀಲ ಹಾಸಿ ಬಾಷಾ ನಾಲ್ಕನ್ನೂ ಸಾಲಾಗಿ ಇಟ್ಟಿದ್ದ. ಎಷ್ಟು ಚೆಂದ ಇದ್ದವೆಂದರೆ ಅಪ್ಪ ಕೊಂಡ ದಿನವೂ ಹಾಗಿರಲಿಲ್ಲ. ತಮ್ಮಂದಿರಿಬ್ಬರೂ ಮುಂಭಾಗ ನೋಡಲೇ ಇಲ್ಲ. ಅನಂತರಾಜು ಒಂದು ಗಾಲಿ ಮಗುಚಿ ಕೂತ. ಅಶ್ವತ್ಥ್ ಇನ್ನೊಂದನ್ನು ಮಗುಚಿದ. ಇಬ್ಬರ ಬೆರಳೂ ಒಳಗೆ ತಡಕಾಡಿದವು. ಇಬ್ಬರ ಮುಖವೂ ಒಟ್ಟಿಗೇ ಇಂಗು ತಿಂದ ಮಂಗನ ಹಾಗಾಯಿತು. ಒಂದು ಚುಕ್ಕಿಯೂ ಇರಲಿಲ್ಲ, ಒಂದು ಕಚ್ಚೂ ಇರಲಿಲ್ಲ.

ಗುರುತು ಇಲ್ಲ ಎಂದು ಹೇಳಬೇಕಾದರೆ ಗುರುತು ಹಾಕಿದ್ದೆ ಎಂದು ಒಪ್ಪಬೇಕು. ಇಬ್ಬರೂ ಒಪ್ಪಲಾರರು. ಅನಂತರಾಜು ನನ್ನ ಕಿವಿಯ ಹತ್ತಿರ ಬಂದು, “ನೋಡ್ದಾ, ನಾನೇಳಿರ್ಲಿಲ್ವಾ, ಅವ್ನೂ ಬಾಷಾನೂ ಸೇರ್ಕೊಂಡು ಬದಲಾಯ್ಸವ್ರೆ,” ಅಂದ. ಅವನು ಆಚೆ ಸರಿದದ್ದೇ ಅಶ್ವತ್ಥ್ ಬಂದು, “ಅಣ್ಣ ಕೆಲಸ ಮುಗಿಸ್ಬಿಟ್ಟಿದ್ದಾನೆ ಕಣಕ್ಕ,” ಅಂದ. ಆಮೇಲೆ ಇಬ್ಬರೂ ಬಾಷಾನ ಕಡೆ ತಿರುಗಿದರು.

“ಇವು ನಮ್ಮವಲ್ಲ,” ಅಂದ ಅನಂತರಾಜು.

“ನಮ್ಮವಲ್ಲವೇ ಅಲ್ಲ,” ಅಂದ ಅಶ್ವತ್ಥ್.

ಬಾಷಾ ನಕ್ಕ, ತಮಾಷೆ ಅಂದುಕೊಂಡ. “ನಿಮ್ದೇ ಸರ್. ಹೊಳೀತಿದೆ ಅಂತ ಗುರುತು ಸಿಗ್ತಿಲ್ಲ.”

“ಗುರುತು ಸಿಗ್ತಿಲ್ಲ ಅಂತಾನೇ ಏಳ್ತಿರೋದು! ನಮ್ಮವೆಲ್ಲಿ? ಯಾರಿಗೆ ಕೊಟ್ಟೆ?”

“ಅಲ್ಲಾ ಮೇಲಾಣೆ ಸರ್, ಯಾರಿಗೂ ಕೊಟ್ಟಿಲ್ಲ.”

ಅನಂತರಾಜು ಫೋನು ತೆಗೆದ. ಅವನ ಹೆಂಡತಿಯ ತಮ್ಮ ಪೊಲೀಸಿನಲ್ಲಿದ್ದಾನೆ. “ನನ್ ಬಾಮೈದ ಬರ್ಲಿ, ಸ್ಟೇಷನ್ನಾಗೆ ಬಾಯಿ ಬಿಡ್ತೀಯ.” ಗಲ್ಲಿಯ ಜನ ಸೇರತೊಡಗಿದರು. ಬಾಷಾ ನನ್ನ ಕಡೆ ನೋಡಿದ. ಆ ಮನುಷ್ಯ ಗಾಲಿ ಬದಲಾಯಿಸಿದ್ದನೋ ಇಲ್ಲವೋ ನನಗೆ ಖಾತ್ರಿ ಇರಲಿಲ್ಲ. ಆದರೆ ತಿಳಿದುಕೊಳ್ಳಲು ಇದ್ದ ಪ್ರಶ್ನೆ ಒಂದೇ, ಅದನ್ನು ಕೇಳಬಲ್ಲವಳು ನಾನೊಬ್ಬಳೇ. ಕೇಳಿದರೆ ಎರಡು ಆಣೆ ಮುರಿಯುತ್ತವೆ. ಅವುಗಳ ಜೊತೆ ನನ್ನ ತವರೂ.

ಅನಂತರಾಜು ನಂಬರ್ ಒತ್ತಿದ. ರಿಂಗಾಗುವುದು ನನಗೂ ಕೇಳಿಸಿತು.

“ಬಾಷಾ ಅವರೇ,” ಅಂದೆ, “ನೀವು ಕ್ಲೀನ್ ಮಾಡಿದಾಗ ಈ ಗಾಲಿಗಳ ಒಳಗೆ ಏನಾದ್ರೂ ಇತ್ತಾ? ಏನಾದ್ರೂ ಏಟು, ಗಾಯ?”

“ಇತ್ತಮ್ಮಾ! ಅದನ್ನ ಹೇಳೋಣ ಅಂತಿದ್ದೆ, ಇವರು ಬಿಟ್ಟರೆ ತಾನೇ.” ಅವನು ಒಂದು ಗಾಲಿಯನ್ನು ತಿರುಗಿಸಿ ಹಿಡಿದ. “ಇಲ್ಲಿ ನೋಡಿ, ವಾಲ್ವ್ ಪಕ್ಕ ಮೂರು ಗುಂಡಿ. ಮೊಳೇಲಿ ಹೊಡ್ದಂಗಿತ್ತು. ಎದುರುಗಡೆ ಅಂಚಲ್ಲಿ ಗರಗಸದ ಕಚ್ಚು. ನಾಲ್ಕಕ್ಕೂ ಒಂದೇ ಜಾಗದಲ್ಲಿ. ಗುಂಡಿ ಹೋಗ್ಲಿ, ಕಚ್ಚು ಬಿಟ್ಟರೆ ಅಲ್ಲಿಂದ್ಲೇ ಬಿರುಕು ಬಿಡತ್ತೆ. ಓಡೋವಾಗ ಬಿಟ್ಟರೆ ಗಾಡಿ ಪಲ್ಟಿ. ಮದುವೆ ಗಾಡಿ ಅಂತೀರಿ! ಅದಕ್ಕೇ ವೆಲ್ಡಿಂಗ್ ಮಾಡಿ ತುಂಬಿಸಿ, ಸಾಪಾಗಿ ಉಜ್ಜಿದೆ. ಯಾವ ತಲೆಕೆಟ್ಟೋನು ಅಮ್ಮಾ ಹಂಗೆ ಮಾಡಿದ್ದು?”

ಫೋನಿನಲ್ಲಿ ಬಾಮೈದ “ಹಲೋ, ಭಾವ? ಹಲೋ?” ಅನ್ನುತ್ತಿದ್ದ. ಅನಂತರಾಜು ಅದನ್ನು ಆರಿಸಿದ.

ಅನಂತರಾಜು ಅಂಚಿನ ಕಚ್ಚಿದ್ದ ಜಾಗವನ್ನೇ ನೋಡುತ್ತಿದ್ದ. ಅಶ್ವತ್ಥ್ ವಾಲ್ವಿನ ಪಕ್ಕದ ಜಾಗವನ್ನು ಹೆಬ್ಬೆರಳಲ್ಲಿ ಸವರಿದ. ಆಮೇಲೆ, ಎರಡು ವರ್ಷದ ಮೇಲೆ ಮೊದಲ ಸಲ, ಅನಂತರಾಜು ತಮ್ಮನ ಮುಖಕ್ಕೆ ನೇರವಾಗಿ ಮಾತಾಡಿದ.

“ನೀನೂ ಆಕಿದ್ದಾ?”

“ಅಕ್ಕನಿಗೆ ಹೇಳಿದ್ದೆ.”

“ನಾನೂ ಅಕ್ಕನಿಗೆ ಏಳಿದ್ದೆ.”

ಇಬ್ಬರೂ ನನ್ನ ಕಡೆ ತಿರುಗಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಇಷ್ಟು ದಿನ ಅದು ಗೋಡೆಯ ಆಚೆಗೆ ಹೋಗುತ್ತಿತ್ತು.

“ಎರಡೂ ಗೊತ್ತಿದ್ದೂ ಸುಮ್ನಿದ್ದಲ್ಲಕ್ಕ,” ಅಂದ ಅಶ್ವತ್ಥ್. “ನಮ್ಮಿಬ್ಬರನ್ನೂ ಚೆನ್ನಾಗಿ ಆಡಿಸ್ದೆ.”

“ಆಣೆ ಹಾಕಿಸಿದ್ದು ನೀವಲ್ವೇನೋ!”

“ಆಣೆ ಇಟ್ಟೋಳು ಈಗ ಮುರಿದ್ಯಲ್ಲ? ಪಾಲು ಕೊಡ್ಲಿಲ್ಲ ಅಂತ ಒಟ್ಟೇಲಿ ಸಿಟ್ಟು ಇಟ್ಕೊಂಡಿದ್ಲು ಕಣೋ ಅಶ್ವತ್ಥ,” ಅಂದ ಅನಂತರಾಜು. “ನಾವು ದಡ್ರು, ನಂಬಿದ್ವಿ.”

ಪಕ್ಕದ ಅಂಗಡಿಯಲ್ಲಿ ಟೈರು ಏರಿಸಿದರು, ಗಾಲಿ ತೊಡಿಸಿದರು. ಅಣ್ಣ ಜ್ಯಾಕ್ ಹಿಡಿದ, ತಮ್ಮ ಬೋಲ್ಟು ಬಿಗಿದ. ನನ್ನನ್ನು ಯಾರೂ ಕರೆಯಲಿಲ್ಲ. ನಾನು ಬರುವಾಗ ಕೂತಿದ್ದ ಸೀಟಿನಲ್ಲಿ ಅನಂತರಾಜು ಕೂತ. ಅಪ್ಪನ ಜೀಪು ಥಳಥಳ ಗಾಲಿ ತಿರುಗಿಸುತ್ತ ತುಮಕೂರು ರಸ್ತೆ ಸೇರಿತು. ಬಾಷಾ ಒಂದು ಸ್ಟೂಲು ತಂದಿಟ್ಟು, “ಕೂತ್ಕೊಳ್ಳಿ ಅಮ್ಮಾ, ಟೀ ಹೇಳ್ತೀನಿ,” ಅಂದ. ಕೂತೆ. ಜನ ನೋಡುತ್ತಿದ್ದರೂ ಅಳು ನಿಲ್ಲಲಿಲ್ಲ.

ಸಂಜೆ ರಮ್ಯಳ ಫೋನು ಬಂತು. ಪಿಸುಮಾತು.

“ಅತ್ತೆ, ಇವತ್ತೇನ್ ಮಾಡ್ದೆ ನೀನು? ಅಪ್ಪ, ಚಿಕ್ಕಪ್ಪ ಇಬ್ರೂ ನಮ್ಮನೇಲಿ ಒಟ್ಟಿಗೆ ಊಟಕ್ಕೆ ಕೂತಿದ್ದಾರೆ! ನಾನು ನೋಡಿದ್ದು ನಿಜಾನಾ ಅಂತ ಅಮ್ಮನ್ನ ಕೇಳಿದೆ.”

“ಏನ್ ಮಾತಾಡ್ತಿದ್ದಾರೆ?”

ಅವಳು ದನಿ ಇನ್ನಷ್ಟು ತಗ್ಗಿಸಿದಳು. “ನಿನ್ನೇ ಬೈತಿದ್ದಾರೆ ಅತ್ತೆ. ಕೂತಾಗಿಂದ.”

“ಬೈಲಿ ಬಿಡು,” ಅಂದೆ. “ಬೇಗ ಏಳೋಕೆ ಬಿಡ್ಬೇಡ. ಇನ್ನೊಂದೊಂದು ಮುದ್ದೆ ಬಡಿಸು.”